ಲೆಕ್ಕಕ್ಕೆ ಬಾರದ ವರ್ಷಗಳು

ಎಳೆಯ ಪ್ರಾಯದಲ್ಲಿ ತಾಯಿಯಾದವಳ ಸಂಪಾದನೆ ಮುಂದೆ ಕುಗ್ಗುವುದಕ್ಕೆ ಆ ತಾಯ್ತನವೇ ಕಾರಣವೋ, ಅದಕ್ಕೂ ಮೊದಲೇ ಮನೆಯಲ್ಲಿ ನೆಲಸಿದ್ದ ದಾರಿದ್ರ್ಯವು ಕಾರಣವೋ ಎಂಬ ವಿವಾದವು ಅರ್ಥಶಾಸ್ತ್ರಜ್ಞರಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅಮೆರಿಕದ ಜೆರೋನಿಮಸ್ ಮತ್ತು ಕೊರೆನ್‌ಮನ್ ಎಂಬ ವಿದ್ವಾಂಸರು 1992ರಲ್ಲಿ ಅಕ್ಕತಂಗಿಯರನ್ನೇ ಹೋಲಿಸಿ ನೋಡಿ, ಹಿಂದಿನವರು ತಾಯ್ತನದ ನಷ್ಟವನ್ನು ಅತಿಯಾಗಿ ಎಣಿಸಿದ್ದರೆಂದು ವಾದಿಸಿದರು.

ಅಂಥ ಪರೀಕ್ಷೆಗೆ ಬೆಂಗಳೂರಿನ ಜಯನಗರದ ನಮ್ಮ ಮನೆಯೂ ಒದಗೀತು. ಹೆಣ್ಣಿನ ವಿವಾಹವಯಸ್ಸನ್ನು ಹದಿನೈದರಿಂದ ಹದಿನೆಂಟಕ್ಕೇರಿಸಿದ ಕಾನೂನು ಜಾರಿಗೆ ಬರಲು ಇನ್ನೂ ಕೆಲವು ತಿಂಗಳುಗಳಿದ್ದ 1978ರ ಬೇಸಗೆಯಲ್ಲಿ, ಎಸ್ಸೆಸ್ಸೆಲ್ಸಿ ಮುಗಿದೊಡನೆಯೇ ನನಗೆ ವಿವಾಹವಾಯಿತು; ಮರುವರ್ಷ ಮಗಳು ಹುಟ್ಟಿದಳು. ತಂಗಿಯ ಸರದಿ ಬರುವಷ್ಟರಲ್ಲಿ, ಕಾನೂನಿನ ಭಯವೋ ತಂದೆಯವರ ಕೈ ಬರಿದಾಗಿದ್ದುದೋ, ಅವಳು ಎನ್‌ಎಂಕೆಆರ್‌ವಿ ಕಾಲೇಜನ್ನೂ ಅನಂತರ ಬ್ಯಾಂಕನ್ನೂ ಸೇರಿದಳು. ಇಬ್ಬರೂ ಉಂಡದ್ದು ಒಂದೇ ಮನೆಯ ಅನ್ನ. ಮಕ್ಕಳು ಶಾಲೆಯ ದಾರಿ ಹಿಡಿದ ಮೇಲೆ ನಾನು ಬೆರಳಚ್ಚು ಕಲಿತು ಖಾಸಗಿ ಕಚೇರಿಯೊಂದರ ಗುಮಾಸ್ತೆಯಾದಾಗ ಅವಳು ಅಧಿಕಾರಿಯ ಕುರ್ಚಿಯಲ್ಲಿದ್ದಳು. ಆ ವಿದ್ವಾಂಸರಲ್ಲಿ ಗೌರವವಿಟ್ಟೇ ಹೇಳುತ್ತೇನೆ, ಈ ಅಂತರವನ್ನು ಬಡತನದ ತಲೆಗೆ ಕಟ್ಟಲು ನನ್ನಿಂದಾಗದು. ಇನ್‌ಕ್ರಿಮೆಂಟು, ಬಡ್ತಿ, ಗ್ರಾಚ್ಯುಟಿ ಎಲ್ಲವೂ ಎಣಿಸುವುದು ಸರ್ವೀಸನ್ನು. ತೊಟ್ಟಿಲು ತೂಗಿದ ವರ್ಷಗಳಿಗೆ ಆ ರಿಜಿಸ್ಟರಿನಲ್ಲಿ ಸ್ಥಾನವಿಲ್ಲ.

ಎಳೆಯ ಪ್ರಾಯದ ಮದುವೆ ಗತಕಾಲದ ಮಾತೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 20ರಿಂದ 24 ವಯಸ್ಸಿನ ಸ್ತ್ರೀಯರಲ್ಲಿ ಶೇಕಡ 21ರಷ್ಟು ಮಂದಿ ಹದಿನೆಂಟು ತುಂಬುವ ಮೊದಲೇ ವಿವಾಹಿತರು. ಅಂಥವರಲ್ಲಿ ಕೆಲವರಾದರೂ ಬಿಟಿಎಂ ಲೇಔಟಿನ ಆಸುಪಾಸಿನ ಬಾಡಿಗೆ ಕೋಣೆಗಳಿಂದ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ನಡೆಯುತ್ತಾರೆ. ಮಗುವಿಗೆ ಕಾಯಿಲೆಯಾದರೆ ಕೆಲಸ ಬಿಡುತ್ತಾರೆ, ಬಿಟ್ಟಾಗಲೆಲ್ಲ ಪಿಎಫ್ ಹಣ ತೆಗೆಯುತ್ತಾರೆ. ಆ ಹಣದ ಬೆಲೆ ಅವರಿಗೆಷ್ಟೆಂಬುದನ್ನು 2016ರ ಏಪ್ರಿಲಿನಲ್ಲಿ ಹೊಸೂರು ರಸ್ತೆ ತಡೆದು, ಪಿಎಫ್ ತೆಗೆಯುವುದಕ್ಕೆ ಕಡಿವಾಣ ಹಾಕಿದ್ದ ಕೇಂದ್ರದ ನಿಯಮವನ್ನೇ ಹಿಂತೆಗೆಸಿದ ಗಾರ್ಮೆಂಟ್ಸ್ ಕಾರ್ಮಿಕರು ತೋರಿಸಿಕೊಟ್ಟಿದ್ದಾರೆ.

ಆದರೆ ಪಿಂಚಣಿಯ ಲೆಕ್ಕ ಬೇರೆ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. 15,000 ರೂಪಾಯಿಯ ವೇತನಮಿತಿಯಲ್ಲಿ ಒಂದೊಂದು ವರ್ಷದ ಬೆಲೆ ತಿಂಗಳಿಗೆ ಸುಮಾರು 214 ರೂಪಾಯಿ, ಅದೂ ಬದುಕಿರುವವರೆಗೆ. ಹತ್ತು ವರ್ಷ ತುಂಬದಿದ್ದರೆ ಮಾಸಿಕ ಪಿಂಚಣಿಯೇ ಇಲ್ಲ. ಜೂನ್ ತಿಂಗಳಲ್ಲಿ ಶಾಲೆಯ ಫೀಜಿಗೆ ಹಣ ಬೇಕೆನ್ನುವವಳೊಡನೆ ನಾನು ವಾದಿಸಲಾರೆ. ಪಿಎಫಿಗೆ ಅರ್ಜಿ ನಮೂನೆ 19, ಪಿಂಚಣಿಗೆ ನಮೂನೆ 10ಸಿ, ಇವೆರಡೂ ಬೇರೆಬೇರೆ ಎಂದಷ್ಟೇ ಹೇಳುತ್ತೇನೆ. ಮೊದಲನೆಯದರಲ್ಲಿ ಹಣ ಪಡೆದು, ಎರಡನೆಯದರಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಿದರೆ, ದುಡಿದಷ್ಟು ವರ್ಷಗಳು ಮುಂದಿನ ಕಾರ್ಖಾನೆಯ ಸೇವೆಗೆ ಕೂಡಿಕೊಳ್ಳುತ್ತವೆ.