ಚದುರಂಗ ಪಂದ್ಯಾವಳಿಗೊಂದು ಒಳ್ಳೆಯ ಜಾಲತಾಣ

ಚದುರಂಗವು ಇಬ್ಬರ ಆಟ. ಚದುರಂಗದ ಪಂದ್ಯಾವಳಿಯಾದರೋ ನೂರಾರು ಜನರ ವ್ಯವಹಾರ. ಆಡುವವರು, ತೀರ್ಪುಗಾರರು, ಹೊರಗೆ ಕಾದು ಕುಳಿತ ತಂದೆತಾಯಿಗಳು, ದೂರದ ಊರಿನಲ್ಲಿದ್ದು ಫಲಿತಾಂಶವನ್ನು ಎದುರುನೋಡುವ ಮಿತ್ರರು, ಇವರೆಲ್ಲರಿಗೂ ಸುದ್ದಿ ತಲುಪಬೇಕು. ಹಿಂದೆ ಈ ಕೆಲಸವನ್ನು ಸಭಾಂಗಣದ ಬಾಗಿಲಿನ ಸೂಚನಾ ಫಲಕವೂ, ಮರುದಿನದ ವೃತ್ತಪತ್ರಿಕೆಯೂ, ದೊಡ್ಡ ಪಂದ್ಯಾವಳಿಗಳವರು ಅಚ್ಚುಹಾಕಿಸಿ ಹಂಚುತ್ತಿದ್ದ ಸಂಚಿಕೆಗಳೂ ಮಾಡುತ್ತಿದ್ದವು. ಇಂದು ಈ ಮೂರರ ಹೊಣೆಯೂ ಜಾಲತಾಣದ ಮೇಲೆ ಬಿದ್ದಿದೆ. ಅದು ಹೇಗಿದ್ದರೆ ಒಳ್ಳೆಯದೆನ್ನಿಸಿಕೊಳ್ಳುವುದೆಂಬುದನ್ನು, ಸಾಧಾರಣ ಆಟಗಾರನೂ ಅಂಥ ತಾಣಗಳ ನಿತ್ಯದ ಓದುಗನೂ ಆದ ನಾನು ಇಲ್ಲಿ ವಿಚಾರಮಾಡಬಯಸುತ್ತೇನೆ.

ತಾಣದ ಗುಣವನ್ನು ಅದರ ಬಣ್ಣದಿಂದಲೂ ಚಲಿಸುವ ಚಿತ್ರಗಳಿಂದಲೂ ಅಳೆಯಬಾರದೆಂಬುದು ನನ್ನ ಮತ. ಪಂದ್ಯಾವಳಿಗೆ ಮುನ್ನ, ಅದು ನಡೆಯುತ್ತಿರುವಾಗ, ಅದು ಮುಗಿದ ಮೇಲೆ, ಈ ಮೂರು ಕಾಲಗಳಲ್ಲಿಯೂ ಕೇಳಿಬಂದವರಿಗೆ ಅದು ನಂಬತಕ್ಕ ಉತ್ತರವನ್ನು ಕೊಡುವುದೇ ಎಂಬುದೊಂದೇ ಸರಿಯಾದ ಅಳತೆಗೋಲು.

ಮೊದಲನೆಯದಾಗಿ ಪಂದ್ಯಾವಳಿಗೆ ಮುನ್ನ ಕೇಳುವ ಪ್ರಶ್ನೆಗಳು. ಯಾವುದೋ ತಾಲ್ಲೂಕಿನ ವಿದ್ಯಾರ್ಥಿಯೊಬ್ಬನು ರಾತ್ರಿಯ ಬಸ್ಸು ಹಿಡಿದು ಬರಬೇಕಾಗಿದೆಯೆನ್ನಿ. ಪ್ರವೇಶ ಶುಲ್ಕವೆಷ್ಟು, ಸುತ್ತುಗಳೆಷ್ಟು, ಪ್ರತಿಯೊಬ್ಬರಿಗೂ ಗಡಿಯಾರದಲ್ಲಿ ಎಷ್ಟು ನಿಮಿಷ, ತಂಗಲು ಸ್ಥಳವುಂಟೇ, ಮೊದಲನೆಯ ಸುತ್ತಿಗೆ ಬರಲಾಗದೆಂದು ಮುಂಚಿತವಾಗಿ ತಿಳಿಸಿದರೆ ಅರ್ಧ ಅಂಕ ದೊರೆಯುವುದೇ, ಇವನ್ನೆಲ್ಲ ತಿಳಿಯದೆ ಅವನು ಹೊರಡುವಂತಿಲ್ಲ. ಇವುಗಳಲ್ಲಿ ಒಂದು ಅಂಶವನ್ನು ವಿಶೇಷವಾಗಿ ಹೇಳಬೇಕು. ಎಷ್ಟು ತಡವಾಗಿ ಬಂದವನು ಆಟವನ್ನು ಕಳೆದುಕೊಳ್ಳುವನೆಂಬುದನ್ನು ಪಂದ್ಯಾವಳಿಯ ನಿಯಮದಲ್ಲಿ ಮುಂಚಿತವಾಗಿಯೇ ಗೊತ್ತುಮಾಡಬೇಕೆಂದು ವಿಶ್ವ ಚದುರಂಗ ಸಂಸ್ಥೆಯಾದ ಫಿಡೆ ವಿಧಿಸಿದೆ; ಗೊತ್ತುಮಾಡದಿದ್ದರೆ ಆ ಅವಧಿ ಸೊನ್ನೆಯೆಂದೇ ಅರ್ಥ. ಬಸ್ಸು ಹತ್ತು ನಿಮಿಷ ತಡವಾದುದಕ್ಕಾಗಿ ಒಂದು ಕಾಯಿಯನ್ನೂ ಮುಟ್ಟದೆ ಸೋಲಬೇಕಾದವನಿಗೆ ಈ ಒಂದು ಸಾಲಿನ ಬೆಲೆ ತಿಳಿಯುತ್ತದೆ.

ಸಮ ಅಂಕಗಳಾದಾಗ ಮೇಲು ಕೀಳನ್ನು ನಿರ್ಣಯಿಸುವ ಕ್ರಮವೂ ಮೊದಲೇ ಪ್ರಕಟವಾಗಿರಬೇಕು. ಇದಕ್ಕೆ 2013ರಲ್ಲಿ ಲಂಡನ್ನಿನಲ್ಲಿ ನಡೆದ ಕ್ಯಾಂಡಿಡೇಟ್ಸ್ ಪಂದ್ಯಾವಳಿಗಿಂತ ಉತ್ತಮ ನಿದರ್ಶನ ಬೇಕಿಲ್ಲ. ಅಲ್ಲಿ ನಾರ್ವೆಯ ಕಾರ್ಲ್‌ಸನ್ನರೂ ರಷ್ಯದ ಕ್ರಾಮ್ನಿಕ್ಕರೂ 14 ಸುತ್ತುಗಳಿಂದ ತಲಾ ಎಂಟೂವರೆ ಅಂಕ ಗಳಿಸಿದರು. ಏಪ್ರಿಲ್ 1ರ ಕಡೆಯ ಸುತ್ತಿನಲ್ಲಿ ಇಬ್ಬರೂ ಸೋತರು! ಅವರು ಪರಸ್ಪರ ಆಡಿದ ಆಟಗಳೆರಡೂ ಡ್ರಾ ಆಗಿದ್ದುವು. ಆದುದರಿಂದ ಹೆಚ್ಚು ಆಟಗಳನ್ನು ಗೆದ್ದವರಾರೆಂದು ನೋಡಬೇಕಾಯಿತು. ಕಾರ್ಲ್‌ಸನ್ನರು ಐದು, ಕ್ರಾಮ್ನಿಕ್ಕರು ನಾಲ್ಕು. ಅದೇ ವರ್ಷದ ನವೆಂಬರಿನಲ್ಲಿ ಚೆನ್ನೈಯಲ್ಲಿ ನಮ್ಮ ವಿಶ್ವನಾಥನ್ ಆನಂದರೊಡನೆ ಆಡಿ ವಿಶ್ವವಿಜೇತರಾದವರು ಆ ಒಂದು ಗೆಲುವಿನ ಅಂತರದಿಂದ ಬಂದವರು. ಇಂಥ ನಿಯಮವು ಆಟಕ್ಕೆ ಮುನ್ನ ತಾಣದಲ್ಲಿದ್ದರೆ ನ್ಯಾಯವೆನ್ನಿಸುತ್ತದೆ. ಆಟ ಮುಗಿದ ಮೇಲೆ ಹೇಳಿದರೆ ಪಕ್ಷಪಾತವೆಂಬ ಸಂಶಯಕ್ಕೆ ಎಡೆಯಾಗುತ್ತದೆ.

ಎರಡನೆಯದಾಗಿ, ಆಟ ನಡೆಯುವ ಕಾಲ. ನಮ್ಮಲ್ಲಿನ ಹೆಚ್ಚಿನ ಪಂದ್ಯಾವಳಿಗಳು ನಡೆಯುವುದು ಸ್ವಿಸ್ ಪದ್ಧತಿಯಲ್ಲಿ. ಚದುರಂಗದಲ್ಲಿ 1895ರಲ್ಲಿ ಜ್ಯೂರಿಕ್ ನಗರದಲ್ಲಿ ಮೊದಲು ಪ್ರಯೋಗವಾದ ಈ ಪದ್ಧತಿಯಲ್ಲಿ ಸೋತವನು ಹೊರಬೀಳುವುದಿಲ್ಲ. ಸಮಾನ ಅಂಕವುಳ್ಳವರು ಆದಷ್ಟುಮಟ್ಟಿಗೆ ಎದುರುಬದುರಾಗುತ್ತಾರೆ. ಹಾಗಾಗಿ ಒಂದು ಸುತ್ತಿನ ಕಡೆಯ ಆಟ ಮುಗಿಯುವವರೆಗೆ ಮುಂದಿನ ಸುತ್ತಿನ ಜೋಡಿಗಳು ಗೊತ್ತಾಗುವಂತಿಲ್ಲ. ಯಾರೊಡನೆ, ಎಷ್ಟನೆಯ ಬೋರ್ಡಿನಲ್ಲಿ, ಬಿಳಿಯೋ ಕಪ್ಪೋ ಎಂಬುದನ್ನು ತಿಳಿಯಲು ಎಲ್ಲರೂ ಒಮ್ಮೆಲೇ ತಾಣಕ್ಕೆ ನುಗ್ಗುತ್ತಾರೆ. ಆ ಗಳಿಗೆಯಲ್ಲಿ ಮುಖಪುಟದಲ್ಲಿ ಗಣ್ಯರ ಭಾವಚಿತ್ರಗಳನ್ನು ದಾಟಿ ದಾಟಿ ಪಟ್ಟಿಯನ್ನು ಹುಡುಕಬೇಕಾದರೆ ಅಂಥ ತಾಣದಿಂದ ಪ್ರಯೋಜನವೇನು? ಜೋಡಿ ಪಟ್ಟಿ, ಫಲಿತಾಂಶ, ಅಂಕಪಟ್ಟಿ ಈ ಮೂರೂ ಮೊದಲ ಪುಟದಲ್ಲಿಯೇ, ಅಗ್ಗದ ಮೊಬೈಲಿನಲ್ಲಿಯೂ ತೆರೆಯುವಷ್ಟು ಹಗುರವಾಗಿ ಇರಬೇಕು. ಪಟ್ಟಿಯನ್ನು ತಿದ್ದಿದ್ದರೆ ತಿದ್ದಿದ ಗಂಟೆಯನ್ನೂ ಕಾಣಿಸಬೇಕು.

ಗಂಟೆಯ ಮಾತು ಬಂದುದರಿಂದ ಇನ್ನೊಂದು ಸಂಗತಿ. 2024ರ ಏಪ್ರಿಲಿನಲ್ಲಿ ಕೆನಡದ ಟೊರಾಂಟೋದಲ್ಲಿ ಗುಕೇಶರು ಗೆದ್ದ ಕ್ಯಾಂಡಿಡೇಟ್ಸ್ ಪಂದ್ಯಾವಳಿಯ ಸುತ್ತುಗಳು ಅಲ್ಲಿ ಮಧ್ಯಾಹ್ನ ಎರಡೂವರೆಗೆ ಆರಂಭವಾದಾಗ ನಮ್ಮಲ್ಲಿ ನಡುರಾತ್ರಿ, ತಾರೀಖೇ ಬದಲಾಗುತ್ತಿತ್ತು. ಆದುದರಿಂದ ಪರದೇಶದವರೂ ನೋಡುವ ತಾಣದಲ್ಲಿ ಬರಿಯ ಗಂಟೆಯನ್ನು ಬರೆದರೆ ಸಾಲದು. ಯಾವ ಊರಿನ ಗಂಟೆಯೆಂಬುದನ್ನೂ ಬರೆಯತಕ್ಕದ್ದು.

ನಡೆಗಳನ್ನು ಆಗಿಂದಾಗಲೇ ತೋರಿಸುವುದಾದರೆ ಎಚ್ಚರ ಹೆಚ್ಚಬೇಕು. ಇದಕ್ಕೆ ಬಳಸುವ ವಿದ್ಯುನ್ಮಾನ ಮಣೆಯಲ್ಲಿ ಆಟ ಮುಗಿದಾಗ ಎರಡು ರಾಜರನ್ನು ನಡುಮನೆಗಳಲ್ಲಿ ಇಟ್ಟು ಫಲಿತಾಂಶವನ್ನು ಸೂಚಿಸುವುದು ವಾಡಿಕೆ. ಇದನ್ನು ಯಾರೂ ಪರಿಶೀಲಿಸದೆ ಬಿಟ್ಟರೆ, ಕಡೆಯ ನಡೆಯಲ್ಲಿ ರಾಜನು ನಡುಮನೆಗೆ ಬಂದು ನಿಂತನೆಂದು ತಾಣವು ಲೋಕಕ್ಕೆಲ್ಲ ಸಾರುತ್ತದೆ. ಇನ್ನು ಮೋಸಕ್ಕೆ ಎಡೆಗೊಡದಿರಲು ಪ್ರಸಾರವನ್ನು ತುಸು ತಡಮಾಡುವುದೂ ಉಂಟು. 2022ರಲ್ಲಿ ಅಮೆರಿಕದ ಸೇಂಟ್ ಲೂಯಿಸಿನ ಸಿಂಕ್‌ಫೀಲ್ಡ್ ಕಪ್ಪಿನಲ್ಲಿ ನಡುವೆ 15 ನಿಮಿಷಗಳ ವಿಳಂಬವನ್ನು ಜಾರಿಗೆ ತಂದರು. ಹೀಗೆ ಮಾಡುವುದು ತಪ್ಪಲ್ಲ; ನೋಡುವವರಿಗೆ ತಿಳಿಸದೆ ಮಾಡುವುದು ಸಲ್ಲದು.

ಮೂರನೆಯದು, ಪಂದ್ಯಾವಳಿ ಮುಗಿದ ಮೇಲಿನ ಕಾಲ. ಎಲ್ಲಕ್ಕಿಂತ ಮುಖ್ಯವಾದುದೂ ಎಲ್ಲಕ್ಕಿಂತ ಅಲಕ್ಷ್ಯಕ್ಕೆ ಗುರಿಯಾದುದೂ ಇದೇ. ನಡೆಗಳನ್ನು ಬರೆದ ಹಾಳೆಯು ಆಟಗಾರನದಲ್ಲ, ಪಂದ್ಯಾವಳಿ ನಡೆಸುವವರ ಸ್ವತ್ತು ಎಂದು ಆಟದ ನಿಯಮವೇ ಹೇಳುತ್ತದೆ. ಸ್ವತ್ತು ತಮ್ಮದಾದ ಮೇಲೆ ಅದನ್ನು ಕಾಪಾಡುವ ಋಣವೂ ತಮ್ಮದೇ ಅಲ್ಲವೇ? ನಾಲ್ಕು ಗಂಟೆ ತಲೆಬಾಗಿ ಕುಳಿತು ತನಗಿಂತ ಬಲಶಾಲಿಯನ್ನು ಮಣಿಸಿದ ಹುಡುಗಿಯ ಆಟವು ಕಪಾಟಿನ ಮೂಲೆಯಲ್ಲಿ ಗೆದ್ದಲಿಗೆ ಆಹಾರವಾದರೆ ಉಳಿಯುವುದು ‘ಗೆಲುವು: ಒಂದು ಅಂಕ’ ಎಂಬುದು ಮಾತ್ರ. ಅವಳು ಹೇಗೆ ಯೋಚಿಸಿದಳೆಂಬುದಕ್ಕೆ ಸಾಕ್ಷಿಯೇ ಇಲ್ಲದಂತಾಗುತ್ತದೆ. ನಾನು ಆಡಿದ ಪಂದ್ಯಾವಳಿಯೊಂದರ ತಾಣವು ಮರುವರ್ಷವೇ ಕಾಣೆಯಾಯಿತು. ಹೆಸರಿನ ಶುಲ್ಕವನ್ನು ಯಾರೂ ಕಟ್ಟಿರಲಿಲ್ಲ. ಅಲ್ಲಿನ ಆಟಗಳಾವುವೂ ಈಗ ನನಗೆ ಸಿಗುತ್ತಿಲ್ಲ.

ಇದಕ್ಕೆ ಉಪಾಯವು ಕಷ್ಟದ್ದಲ್ಲ. 1993ರಲ್ಲಿ ಸ್ಟೀವನ್ ಎಡ್ವರ್ಡ್ಸ್ ಎಂಬವರು ರೂಪಿಸಿದ ಪಿ.ಜಿ.ಎನ್. ಎಂಬ ಬರೆವಣಿಗೆಯ ಕ್ರಮವುಂಟು. ಪಂದ್ಯಾವಳಿ, ಸ್ಥಳ, ದಿನಾಂಕ, ಸುತ್ತು, ಬಿಳಿಯವರ ಹೆಸರು, ಕಪ್ಪಿನವರ ಹೆಸರು, ಫಲಿತಾಂಶ ಎಂಬ ಏಳು ತಲೆಬರೆಹಗಳು, ಅವುಗಳ ಕೆಳಗೆ ನಡೆಗಳು, ಇಷ್ಟೇ. ಸರಳ ಅಕ್ಷರಗಳಲ್ಲಿ ಇರುವುದರಿಂದ ಯಾವ ಯಂತ್ರವಾದರೂ ಓದಬಲ್ಲುದು, ಮನುಷ್ಯನೂ ಓದಬಲ್ಲನು. ನೂರು ಆಟಗಳು ಒಂದು ಭಾವಚಿತ್ರದಷ್ಟೂ ಜಾಗ ಹಿಡಿಯುವುದಿಲ್ಲ. ಎಲ್ಲರೂ ಇಳಿಸಿಕೊಳ್ಳುವಂತೆ ಇದನ್ನು ತಾಣದಲ್ಲಿಟ್ಟರೆ, ತಾಣವು ಅಳಿದರೂ ಆಟಗಳು ಹತ್ತು ಕಡೆ ಉಳಿಯುತ್ತವೆ.

ನಮ್ಮ ಕಾಲೇಜಿನಲ್ಲಿಯೂ ಅಂತರ ಕಾಲೇಜು ಪಂದ್ಯಾವಳಿಯನ್ನು ನಡೆಸಬೇಕೆಂಬ ಮಾತು ಕೇಳಿಬರುತ್ತಿದೆ. ಅದು ಕೈಗೂಡಿದಾಗ ತಾಣವನ್ನು ಹೊರಗಿನವರಿಂದ ಹಣ ತೆತ್ತು ಮಾಡಿಸಬೇಕಾದುದಿಲ್ಲ. ನಿಯಮಗಳನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆಯಬಲ್ಲವನೊಬ್ಬ, ಪ್ರತಿ ಸುತ್ತಿನ ಫಲಿತಾಂಶವನ್ನು ತೀರ್ಪುಗಾರರ ಪಟ್ಟಿಯೊಡನೆ ತಾಳೆನೋಡುವವಳೊಬ್ಬಳು, ಸಂಜೆ ಕುಳಿತು ಹಾಳೆಗಳಲ್ಲಿನ ನಡೆಗಳನ್ನು ಏರಿಸುವ ನಾಲ್ವರು, ಇಷ್ಟು ಜನ ನಮ್ಮ ತರಗತಿಗಳಲ್ಲಿಯೇ ಇದ್ದಾರೆ. ಮುಗಿದ ಮೇಲೆ ಆಟಗಳ ಒಂದು ಪ್ರತಿಯನ್ನು ಗ್ರಂಥಾಲಯಕ್ಕೂ ಒಪ್ಪಿಸೋಣ. ಗೆದ್ದವರಿಗೆ ಬಟ್ಟಲು ಸಿಗುತ್ತದೆ. ಸೋತವರಿಗೂ ಸಲ್ಲಬೇಕಾದುದೊಂದಿದೆ, ಅದು ಅವರ ಆಟದ ದಾಖಲೆ.