ಬಸುರಿನಲ್ಲಿ ಏರುವ ರಕ್ತದೊತ್ತಡ ಮತ್ತು ರೋಗನಿರೋಧಕ ವ್ಯವಸ್ಥೆ: ಹತ್ತನೆಯ ತರಗತಿಗೆ ಎರಡು ಅವಧಿಯ ಪಾಠ

ರೋಗನಿರೋಧಕ ವ್ಯವಸ್ಥೆಯನ್ನು ಪರಿಚಯಿಸುವಾಗ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಬಳಸುವ ಹೋಲಿಕೆ ಒಂದೇ: ಬಿಳಿ ರಕ್ತಕಣಗಳು ದೇಹದ ಸೈನಿಕರು, ರೋಗಾಣುಗಳು ಶತ್ರುಗಳು. ಲಸಿಕೆಯ ಪಾಠಕ್ಕೆ ಇಷ್ಟು ಸಾಕು. ಜರಾಯುವಿನ ಪಾಠಕ್ಕೆ ಬಂದಾಗ ಈ ಹೋಲಿಕೆ ಕೈಕೊಡುತ್ತದೆ. ಭ್ರೂಣದ ಅರ್ಧದಷ್ಟು ವಂಶವಾಹಿಗಳು ತಂದೆಯಿಂದ ಬಂದವು. ಬೇರೊಬ್ಬರ ಮೂತ್ರಪಿಂಡವನ್ನು ತಿರಸ್ಕರಿಸಬಲ್ಲ ದೇಹ ಮಗುವನ್ನು ಒಂಬತ್ತು ತಿಂಗಳು ಹೇಗೆ ಇಟ್ಟುಕೊಳ್ಳುತ್ತದೆ? ‘ಆಗ ಸೈನಿಕರು ನಿದ್ರಿಸುತ್ತಾರೆ’ ಎಂದು ಉತ್ತರಿಸಿದರೆ ತಪ್ಪಾಗುತ್ತದೆ. ಬಸುರಿನಲ್ಲಿ ಈ ವ್ಯವಸ್ಥೆ ನಿದ್ರಿಸುವುದಿಲ್ಲ, ಬೇರೊಂದು ಕೆಲಸ ಮಾಡುತ್ತದೆ. ಆ ಕೆಲಸ ಕೆಟ್ಟಾಗ ತಾಯಿಯ ರಕ್ತದೊತ್ತಡ ಏರಬಹುದು. ಈ ಪಾಠದ ತಿರುಳು ಇದೇ.

ವಿಷಯ ಪರೀಕ್ಷೆಗಷ್ಟೇ ಸೀಮಿತವಲ್ಲ. ಊರುಗಳಲ್ಲಿ ‘ಬಸುರಿ ನಂಜು’ ಎಂದು ಕರೆಯುವ, ವೈದ್ಯರು ಪ್ರಿ-ಎಕ್ಲಾಂಪ್ಸಿಯಾ ಎನ್ನುವ ಈ ಸ್ಥಿತಿ ನೂರು ಬಸುರುಗಳಲ್ಲಿ 2ರಿಂದ 8ರಷ್ಟರಲ್ಲಿ ಕಾಣಿಸಿಕೊಳ್ಳುತ್ತದೆ. ತಡವಾಗಿ ಗೊತ್ತಾದರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ.

ಪೂರ್ವಜ್ಞಾನ

ವಿದ್ಯಾರ್ಥಿಗಳಿಗೆ ಮೂರು ಸಂಗತಿಗಳು ಮೊದಲೇ ತಿಳಿದಿರುತ್ತವೆ. ಒಂದು, ಸಾಮಾನ್ಯ ರಕ್ತದೊತ್ತಡ 120/80. ಕಿರು ಅಪಧಮನಿಗಳು ಸಂಕುಚಿಸಿದರೆ ರಕ್ತದ ಹರಿವಿಗೆ ತಡೆ ಹೆಚ್ಚಿ ಒತ್ತಡ ಏರುತ್ತದೆ. ಎರಡು, ಜರಾಯು ಗರ್ಭಕೋಶದ ಗೋಡೆಯಲ್ಲಿ ಹುದುಗಿರುವ ತಟ್ಟೆಯಂಥ ರಚನೆ. ಭ್ರೂಣದ ಕಡೆ ಅದರಲ್ಲಿ ಬೆರಳಿನಂಥ ರಚನೆಗಳೂ ತಾಯಿಯ ಕಡೆ ರಕ್ತಾವಕಾಶಗಳೂ ಇವೆ. ಮೂರು, ಬಿಳಿ ರಕ್ತಕಣಗಳು ರೋಗಾಣುಗಳನ್ನು ಎದುರಿಸುತ್ತವೆ. ಬಿಡಿಬಿಡಿಯಾಗಿ ಕಲಿತ ಈ ಮೂರನ್ನು ಒಂದೇ ಸೂತ್ರದಲ್ಲಿ ಪೋಣಿಸುವುದು ಶಿಕ್ಷಕರ ಕೆಲಸ.

ಕಲಿಕಾ ಉದ್ದೇಶಗಳು

1. ಜರಾಯುವಿಗೆ ರಕ್ತ ಒದಗಿಸುವ ನಾಳಗಳು ಏಕೆ ಅಗಲವಾಗಬೇಕೆಂದು ವಿದ್ಯಾರ್ಥಿ ವಿವರಿಸುವನು/ಳು.
2. ಈ ಕೆಲಸದಲ್ಲಿ ತಾಯಿಯ ಬಿಳಿ ರಕ್ತಕಣಗಳ ಪಾತ್ರವನ್ನು ಗುರುತಿಸುವನು/ಳು.
3. ಜರಾಯುವಿನ ತೊಂದರೆ ತಾಯಿಯ ಇಡೀ ದೇಹಕ್ಕೆ ಹರಡುವ ಬಗೆಯನ್ನು ಹಂತಹಂತವಾಗಿ ಹೇಳುವನು/ಳು.
4. ಅಪಾಯದ ಚಿಹ್ನೆಗಳನ್ನು ಪಟ್ಟಿ ಮಾಡುವನು/ಳು.

ಶಿಕ್ಷಕರಿಗೆ ವಿಷಯ ಟಿಪ್ಪಣಿ

ಭ್ರೂಣವನ್ನು ತಾಯಿಯ ದೇಹ ಏಕೆ ತಿರಸ್ಕರಿಸುವುದಿಲ್ಲ ಎಂಬ ಪ್ರಶ್ನೆಯನ್ನು 1953ರಲ್ಲಿ ಸ್ಪಷ್ಟವಾಗಿ ಮುಂದಿಟ್ಟವರು ಬ್ರಿಟನ್ನಿನ ಪೀಟರ್ ಮೆಡಾವರ್. ಅವರು ಸೂಚಿಸಿದ ಉತ್ತರಗಳಲ್ಲಿ ಒಂದು, ಬಸುರಿನಲ್ಲಿ ತಾಯಿಯ ರೋಗನಿರೋಧಕ ವ್ಯವಸ್ಥೆ ಮಂದವಾಗಿರಬಹುದು ಎಂಬುದು. ಮುಂದಿನ ಸಂಶೋಧನೆ ಬೇರೆ ಚಿತ್ರ ತೋರಿಸಿತು. ಬಸುರಿನ ಮೊದಲ ತಿಂಗಳುಗಳಲ್ಲಿ ಗರ್ಭಕೋಶದ ಒಳಪದರದಲ್ಲಿ ಬಿಳಿ ರಕ್ತಕಣಗಳು ಗುಂಪುಗೂಡುತ್ತವೆ. ಅವುಗಳಲ್ಲಿ ಸುಮಾರು 70ರಷ್ಟು ಪ್ರತಿಶತ ‘ನ್ಯಾಚುರಲ್ ಕಿಲ್ಲರ್’ ಎಂಬ ಬಗೆಯವು. ಹೆಸರಿನಲ್ಲಿ ‘ಕೊಲೆಗಾರ’ ಇದ್ದರೂ ಇಲ್ಲಿ ಅವು ಭ್ರೂಣವನ್ನು ಕೊಲ್ಲುವುದಿಲ್ಲ. ಜರಾಯುವಿನ ಹೊರಕೋಶಗಳಾದ ಟ್ರೋಫೋಬ್ಲಾಸ್ಟ್‌ಗಳಿಗೆ ರಾಸಾಯನಿಕ ಸಂಕೇತ ಕೊಟ್ಟು, ಗರ್ಭಕೋಶದ ಸುರುಳಿ ಅಪಧಮನಿಗಳನ್ನು ಅಗಲಿಸಲು ನೆರವಾಗುತ್ತವೆ. ಟ್ರೋಫೋಬ್ಲಾಸ್ಟ್‌ಗಳು ಈ ನಾಳಗಳೊಳಗೆ ಇಳಿದು ಅವುಗಳ ಸ್ನಾಯುಪದರವನ್ನು ತೆಗೆದುಹಾಕುತ್ತವೆ. ಆ ಬಳಿಕ ನಾಳ ಸಂಕುಚಿಸಲಾರದು. ರಕ್ತ ನಿಧಾನವಾಗಿ, ಧಾರಾಳವಾಗಿ ಹರಿಯುತ್ತದೆ. ನಿಯಂತ್ರಕ ಟಿ-ಕೋಶಗಳು ಇದೇ ವೇಳೆ ಅನವಶ್ಯಕ ದಾಳಿಯನ್ನು ತಡೆಯುತ್ತವೆ. ಪ್ರಿ-ಎಕ್ಲಾಂಪ್ಸಿಯಾ ಇರುವವರಲ್ಲಿ ಇವುಗಳ ಸಂಖ್ಯೆ ಕಡಿಮೆ ಇರುವುದನ್ನು ಹಲವು ಅಧ್ಯಯನಗಳು ಕಂಡಿವೆ.

ಇಲ್ಲಿ ನಮ್ಮ ಊಹೆಯನ್ನು ತಲೆಕೆಳಗು ಮಾಡುವ ಅಂಶವೊಂದಿದೆ. 2004ರಲ್ಲಿ ಕೇಂಬ್ರಿಜ್‌ನ ಆಶ್ಲಿ ಮೊಫೆಟ್ ಅವರ ತಂಡ, ತಾಯಿಯ ಕಿಲ್ಲರ್ ಕೋಶಗಳ ಮೇಲಿನ ಗ್ರಾಹಕಗಳಿಗೂ ಭ್ರೂಣಕ್ಕೆ ತಂದೆಯಿಂದ ಬರುವ ಗುರುತುಗಳಿಗೂ ಇರುವ ಸಂಬಂಧವನ್ನು ಪರಿಶೀಲಿಸಿತು. ತಾಯಿಯ ಕೋಶಗಳಿಗೆ ಬಲವಾದ ಕಡಿವಾಣ ಬೀಳುವಂಥ ಜೋಡಿಗಳಲ್ಲಿ ಪ್ರಿ-ಎಕ್ಲಾಂಪ್ಸಿಯಾದ ಸಂಭವ ಹೆಚ್ಚಿತ್ತು. ಅಂದರೆ ಆರಂಭದ ಹಂತದಲ್ಲಿ ತೊಂದರೆ ಅತಿಯಾದ ದಾಳಿಯದ್ದಲ್ಲ, ಸಾಲದ ಕೆಲಸದ್ದು. ಸೈನಿಕ ಹೋಲಿಕೆಯಿಂದ ಈ ಮಾತು ಎಂದಿಗೂ ಹೊಳೆಯುವುದಿಲ್ಲ.

ನಾಳಗಳು ಅಗಲವಾಗದಿದ್ದರೆ ಜರಾಯುವಿಗೆ ರಕ್ತ ಸಾಲದು. ಆಗ ಅದು ಎಸ್‌ಎಫ್‌ಎಲ್‌ಟಿ-1 ಎಂಬ ಪ್ರೋಟೀನನ್ನು ಹೆಚ್ಚಾಗಿ ತಾಯಿಯ ರಕ್ತಕ್ಕೆ ಬಿಡುತ್ತದೆ. ರಕ್ತನಾಳಗಳ ಒಳಪದರವನ್ನು ಆರೋಗ್ಯವಾಗಿಡುವ ಬೆಳವಣಿಗೆಯ ಪ್ರೋಟೀನುಗಳನ್ನು ಇದು ಹಿಡಿದಿಟ್ಟುಬಿಡುತ್ತದೆ. ಭಾರತ ಮೂಲದ ಎಸ್. ಅನಂತ್ ಕರುಮಂಚಿ ಅವರ ತಂಡ ಬಾಸ್ಟನ್‌ನಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಈ ಪ್ರೋಟೀನು ಹೆಚ್ಚಾದ ಗರ್ಭಿಣಿ ಇಲಿಗಳಲ್ಲಿ ರಕ್ತದೊತ್ತಡ ಏರಿತು, ಮೂತ್ರದಲ್ಲಿ ಪ್ರೋಟೀನು ಕಾಣಿಸಿತು. ಈ ಎರಡನೆಯ ಹಂತದಲ್ಲಿ ರೋಗನಿರೋಧಕ ವ್ಯವಸ್ಥೆ ಮತ್ತೆ ಬರುತ್ತದೆ, ಈ ಸಲ ಅತಿಯಾಗಿ. ತಾಯಿಯ ದೇಹದಾದ್ಯಂತ ಬಿಳಿ ರಕ್ತಕಣಗಳು ಕೆರಳುತ್ತವೆ. ನಾಳಗಳನ್ನು ಸಂಕುಚಿಸುವ ಗ್ರಾಹಕವನ್ನೇ ಚುರುಕುಗೊಳಿಸುವ ಪ್ರತಿಕಾಯಗಳನ್ನು 1999ರಲ್ಲಿ ಬರ್ಲಿನ್‌ನ ಸಂಶೋಧಕರು ಈ ರೋಗಿಗಳಲ್ಲಿ ಗುರುತಿಸಿದರು. ಹೀಗೆ ಗರ್ಭಕೋಶದಲ್ಲಿ ಸಾಲದ ಕೆಲಸ, ದೇಹದಲ್ಲಿ ಮಿತಿಮೀರಿದ ಕೆಲಸ.

ಎಲ್ಲ ಪ್ರಕರಣಗಳಿಗೂ ಇದೊಂದೇ ಕಾರಣವಲ್ಲ. ಮೊದಲೇ ಇರುವ ಅಧಿಕ ರಕ್ತದೊತ್ತಡ, ಮಧುಮೇಹ, ಮೂತ್ರಪಿಂಡದ ಕಾಯಿಲೆ, ಸ್ಥೂಲಕಾಯ, ಅವಳಿ ಬಸುರು ಇವೂ ಸಂಭವವನ್ನು ಹೆಚ್ಚಿಸುತ್ತವೆ. ಮೊದಲ ಬಸುರಿನಲ್ಲಿ ಇದು ಹೆಚ್ಚು.

ಮೊದಲ ಅವಧಿ: ನಾಳ ಅಗಲವಾಗಬೇಕು

ಎರಡು ಸಮಾನ ಪ್ಲಾಸ್ಟಿಕ್ ಬಾಟಲಿಗಳ ತಳ ಕತ್ತರಿಸಿ ಬೋರಲು ಹಿಡಿಯಿರಿ. ಒಂದರ ಮುಚ್ಚಳಕ್ಕೆ ಖಾಲಿಯಾದ ಬಾಲ್‌ಪೆನ್ ರೀಫಿಲ್ಲಿನ ಕೊಳವೆ, ಇನ್ನೊಂದಕ್ಕೆ ಅಷ್ಟೇ ಉದ್ದದ ಎಳನೀರಿನ ಸ್ಟ್ರಾ ತೂರಿಸಿ ಮೇಣದಿಂದ ಬಿಗಿ ಮಾಡಿ. ಎರಡಕ್ಕೂ 200 ಮಿ.ಲೀ. ನೀರು ಹಾಕಿ, ಇಳಿಯಲು ಹಿಡಿದ ಸಮಯವನ್ನು ವಿದ್ಯಾರ್ಥಿಗಳೇ ಬರೆದುಕೊಳ್ಳಲಿ. ‘ಕೊಳವೆ ಸ್ವಲ್ಪವೇ ಅಗಲ, ಸಮಯದಲ್ಲಿ ಇಷ್ಟೊಂದು ವ್ಯತ್ಯಾಸವೇಕೆ?’ ಎಂದು ಕೇಳಿ. ಉಳಿದೆಲ್ಲ ಸಮವಿದ್ದು ನೀರು ಶಾಂತವಾಗಿ ಹರಿಯುವಾಗ, ತ್ರಿಜ್ಯ 2 ಪಟ್ಟಾದರೆ ಹರಿವು 16 ಪಟ್ಟಾಗುತ್ತದೆ ಎಂಬುದು ಶಿಕ್ಷಕರಿಗೆ ತಿಳಿದಿರಲಿ. ನಮ್ಮ ಬಾಟಲಿಯಲ್ಲಿ ಲೆಕ್ಕ ಇಷ್ಟು ನಿಖರವಾಗಿ ಬರದು, ಬರಬೇಕಾಗಿಯೂ ಇಲ್ಲ.

ಅನಂತರ ಹೊಸ ಹೋಲಿಕೆ ತನ್ನಿ. ಕೆರೆ ತುಂಬಿದ್ದರೂ ಕಾಲುವೆ ಕಿರಿದಾಗಿದ್ದರೆ ಕೊನೆಯ ಗದ್ದೆಗೆ ನೀರಿಲ್ಲ. ಕಾಲುವೆ ನೋಡಿಕೊಂಡು, ತೂಬು ತೆರೆದು ನೀರು ಬಿಡುವವನು ನೀರಗಂಟಿ. ಗರ್ಭಕೋಶದ ಬಿಳಿ ರಕ್ತಕಣ ಇಲ್ಲಿ ಸೈನಿಕನಲ್ಲ, ನೀರಗಂಟಿ. ಅವನು ಕೆಲಸಕ್ಕೆ ಬಾರದಿದ್ದರೆ ಗದ್ದೆ ಒಣಗುತ್ತದೆ.

ಎರಡನೆಯ ಅವಧಿ: ಒತ್ತಡ ಏಕೆ ಏರುತ್ತದೆ?

ಹೋಲಿಕೆಯ ಮಿತಿ ಇಲ್ಲಿ ಎದುರಾಗುತ್ತದೆ. ‘ಕಾಲುವೆ ಕಟ್ಟಿಕೊಂಡಿದ್ದರಿಂದ ನೀರು ಹಿಂದಕ್ಕೆ ಒತ್ತಿ ಒತ್ತಡ ಏರಿತು’ ಎಂದು ಜಾಣ ವಿದ್ಯಾರ್ಥಿಯೇ ಹೇಳುವ ಸಂಭವ ಹೆಚ್ಚು. ಪ್ರಶಿಕ್ಷಣಾರ್ಥಿ ಅದನ್ನು ಒಪ್ಪಿಕೊಂಡು ಮುಂದೆ ಹೋಗಬಾರದು. ಒತ್ತಡ ಏರುವುದು ನೀರು ಹಿಂದೆ ಒತ್ತಿದ್ದರಿಂದಲ್ಲ. ಜರಾಯು ಬಿಟ್ಟ ವಸ್ತುಗಳು ರಕ್ತದೊಡನೆ ಸಾಗಿ ದೇಹದ ಎಲ್ಲೆಡೆಯ ನಾಳಗಳ ಒಳಪದರವನ್ನು ಕೆಡಿಸಿದ್ದರಿಂದ. ಮೂತ್ರಪಿಂಡದಲ್ಲಿ ಒಳಪದರ ಕೆಟ್ಟರೆ ಪ್ರೋಟೀನು ಸೋರುತ್ತದೆ. ಮಿದುಳಿನಲ್ಲಿ ತಲೆನೋವು, ಕಣ್ಣು ಮಂಜಾಗುವುದು, ಕೊನೆಗೆ ಫಿಟ್ಸ್. ಯಕೃತ್ತಿನಲ್ಲಿ ಮೇಲುಹೊಟ್ಟೆಯ ನೋವು. ‘ನಂಜು’ ಎಂಬ ಹಳೆಯ ಹೆಸರು ಇಲ್ಲಿ ಚರ್ಚೆಗೆ ಒಳ್ಳೆಯ ದಾರಿ: ರಕ್ತದಲ್ಲಿ ಏನೋ ಸೇರಿದೆ ಎಂಬ ಜನರ ಊಹೆ ಸರಿ, ಆದರೆ ಅದು ಊಟದಿಂದ ಬಂದದ್ದಲ್ಲ, ಜರಾಯುವಿನಿಂದ ಬಂದದ್ದು. ಆದ್ದರಿಂದಲೇ ಹೆರಿಗೆಯಾಗಿ ಮಾಸು ಬಿದ್ದ ಮೇಲೆ ಸಾಮಾನ್ಯವಾಗಿ ರೋಗ ಇಳಿಯುತ್ತದೆ. ಕೆಲವರಲ್ಲಿ ಹೆರಿಗೆಯ ನಂತರವೂ ಕಾಣಿಸಿಕೊಳ್ಳುವುದರಿಂದ ಬಾಣಂತಿಯ ಮೇಲೂ ಕಣ್ಣಿರಬೇಕು.

ಕಪ್ಪುಹಲಗೆಯ ಸಾರಾಂಶ: ನಾಳ ಅಗಲವಾಗಲಿಲ್ಲ → ಜರಾಯುವಿಗೆ ರಕ್ತದ ಕೊರತೆ → ಜರಾಯುವಿನಿಂದ ಹಾನಿಕರ ಪ್ರೋಟೀನು → ತಾಯಿಯ ನಾಳಗಳ ಒಳಪದರಕ್ಕೆ ಹಾನಿ, ಬಿಳಿ ರಕ್ತಕಣಗಳ ಕೆರಳಿಕೆ → ನಾಳ ಸಂಕುಚನ → ಒತ್ತಡ 140/90 ಅಥವಾ ಮೇಲೆ, ಮೂತ್ರದಲ್ಲಿ ಪ್ರೋಟೀನು.

ಜೀವನಕ್ಕೆ ಅನ್ವಯ

ಸಾಧ್ಯವಿದ್ದರೆ ತಾಯಿ ಕಾರ್ಡಿನ ಖಾಲಿ ಪ್ರತಿ ತರಿಸಿ, ರಕ್ತದೊತ್ತಡ ಮತ್ತು ಮೂತ್ರ ಪರೀಕ್ಷೆಯ ಜಾಗಗಳನ್ನು ವಿದ್ಯಾರ್ಥಿಗಳೇ ಹುಡುಕಲಿ. ಪ್ರತಿ ಭೇಟಿಯಲ್ಲೂ ಈ ಎರಡನ್ನು ನೋಡುವುದೇಕೆ ಎಂಬುದಕ್ಕೆ ಹಲಗೆಯ ಮೇಲಿನ ಸರಪಳಿಯೇ ಉತ್ತರ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ನಡೆಯುತ್ತದೆ. ಸಂಭವ ಹೆಚ್ಚಿರುವವರಿಗೆ ವೈದ್ಯರು ಬಸುರಿನ ಮೊದಲ ತಿಂಗಳುಗಳಿಂದಲೇ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡುತ್ತಾರೆ. 2017ರ ಒಂದು ದೊಡ್ಡ ಪ್ರಯೋಗದಲ್ಲಿ ಅದು 37 ವಾರಕ್ಕೆ ಮುಂಚಿನ ಪ್ರಿ-ಎಕ್ಲಾಂಪ್ಸಿಯಾವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಿತು. ಫಿಟ್ಸ್ ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಇದೆ. ಯಾವ ಔಷಧವೂ ವೈದ್ಯರ ಸಲಹೆಯಿಲ್ಲದೆ ಬೇಡ ಎಂಬುದನ್ನು ಒತ್ತಿ ಹೇಳಿ.

ಎಚ್ಚರ ವಹಿಸಬೇಕಾದ ಮಾತುಗಳು

‘ತಾಯಿಯ ದೇಹ ಮಗುವಿನ ಮೇಲೆ ದಾಳಿ ಮಾಡುತ್ತದೆ’ ಎನ್ನಬೇಡಿ. ಅದು ವಿಜ್ಞಾನವೂ ಅಲ್ಲ, ತರಗತಿಯಲ್ಲಿ ಕುಳಿತ ಯಾವ ಮಗುವಿನ ಮನೆಯಲ್ಲಿ ಇಂಥ ನೋವು ನಡೆದಿದೆಯೋ ನಮಗೆ ತಿಳಿಯದು. ‘ಅತಿಯಾಗಿ ಚಿಂತಿಸಿದ್ದಕ್ಕೆ ಬಿ.ಪಿ. ಬಂತು’ ಎಂಬ ಮಾತು ಬಂದರೆ ತಿದ್ದಿ. ಸರಪಳಿಯಲ್ಲಿ ತಾಯಿಯ ತಪ್ಪು ಎಲ್ಲಿಯೂ ಇಲ್ಲವೆಂದು ತೋರಿಸಿ. ಕಾಲು ಬಾಯುವುದು ಬಸುರಿನಲ್ಲಿ ಸಾಮಾನ್ಯ; ಆದರೆ ಮುಖ, ಕೈಗಳು ಇದ್ದಕ್ಕಿದ್ದಂತೆ ಬಾತರೆ ಅಥವಾ ತೀವ್ರ ತಲೆನೋವು ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಮೌಲ್ಯಮಾಪನ

1. ಸುರುಳಿ ಅಪಧಮನಿಯ ಸ್ನಾಯುಪದರ ಹಾಗೆಯೇ ಉಳಿದರೆ ಏನಾಗುತ್ತದೆ?
2. ‘ಬಸುರಿನಲ್ಲಿ ರೋಗನಿರೋಧಕ ಶಕ್ತಿ ಕೆಲಸ ನಿಲ್ಲಿಸುತ್ತದೆ’: ಈ ಹೇಳಿಕೆ ಸರಿಯೇ? ಕಾರಣ ಕೊಡಿ.
3. ನೀರಗಂಟಿಯ ಹೋಲಿಕೆ ಯಾವುದನ್ನು ವಿವರಿಸುತ್ತದೆ, ಯಾವುದನ್ನು ವಿವರಿಸಲಾರದು?
4. ಮನೆಯಲ್ಲಿ ಗರ್ಭಿಣಿಯೊಬ್ಬರು ತಲೆನೋವು, ಕಣ್ಣು ಮಂಜು ಎಂದರೆ ನೀವು ಏನು ಮಾಡುವಿರಿ?

ಪಾಠ ವೀಕ್ಷಿಸುವ ಮಾರ್ಗದರ್ಶಕರು ಮೂರನೆಯ ಪ್ರಶ್ನೆಯ ಉತ್ತರಗಳನ್ನು ವಿಶೇಷವಾಗಿ ಗಮನಿಸಬೇಕು. ಹೋಲಿಕೆಯ ಮಿತಿಯನ್ನು ವಿದ್ಯಾರ್ಥಿಯೇ ಹೇಳಿದರೆ ಪರಿಕಲ್ಪನೆ ನೆಲೆಗೊಂಡಿದೆ ಎಂದರ್ಥ. ಹೇಳದಿದ್ದರೆ ಎರಡನೆಯ ಅವಧಿಯ ಸರಪಳಿಯನ್ನು ಮತ್ತೊಮ್ಮೆ, ವಿದ್ಯಾರ್ಥಿಗಳಿಂದಲೇ ಬರೆಯಿಸಬೇಕು.