ತಾಯಿಯಿಲ್ಲದ ಕೋಳಿಮರಿಗಳು

ಹಿತ್ತಿಲಿನಲ್ಲಿ ಪ್ರಥಮ ಬಾರಿಗೆ ಕೋಳಿ ಸಾಕುವವರು ಸಾಮಾನ್ಯವಾಗಿ ಮೇವಿನ ವಿಷಯವನ್ನೇ ವಿಚಾರಿಸುತ್ತಾರೆ. ಆದರೆ ಮೊದಲ ವಾರಗಳಲ್ಲಿ ಮರಿಗಳ ಅಳಿವು ಉಳಿವು ಮೇವಿಗಿಂತ ಹೆಚ್ಚಾಗಿ ಕಾವನ್ನು ಅವಲಂಬಿಸಿದೆ. ಮೈಮೇಲೆ ಗರಿ ಮೂಡುವವರೆಗೆ ಮರಿಯು ತನ್ನ ದೇಹದ ಶಾಖವನ್ನು ತಾನೇ ಕಾಪಾಡಿಕೊಳ್ಳಲಾರದು. ನಾಟಿ ಹೇಂಟೆಯು ಮರಿಗಳನ್ನು ರೆಕ್ಕೆಯಡಿ ಹುದುಗಿಸಿಕೊಳ್ಳುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ 1980ರ ದಶಕದಲ್ಲಿ ರೂಪುಗೊಂಡ ಗಿರಿರಾಜ ತಳಿಯ ಮರಿಗಳನ್ನು ಕೊಂಡು ತಂದವರಿಗೆ ಈ ಅನುಕೂಲವಿಲ್ಲ. ಅವು ಯಂತ್ರದ ಕಾವಿನಲ್ಲಿ ಒಡೆದ ಮೊಟ್ಟೆಗಳಿಂದ ಬಂದವು.

ಆದುದರಿಂದ ಭತ್ತದ ಹೊಟ್ಟು ಹರಡಿದ ನೆಲದ ಮೇಲೆ ವಿದ್ಯುದ್ದೀಪವನ್ನು ತೂಗುಬಿಟ್ಟು, ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಒದಗಿಸಬೇಕು. ಅನಂತರ ವಾರಕ್ಕೆ 3 ಡಿಗ್ರಿಯಷ್ಟು ಇಳಿಸುತ್ತ ಬರಬಹುದು. ಉಷ್ಣಮಾಪಕವಿಲ್ಲವೆಂದು ಚಿಂತಿಸಬೇಕಾಗಿಲ್ಲ, ಮರಿಗಳೇ ಆ ಕೆಲಸವನ್ನು ಮಾಡುತ್ತವೆ. ದೀಪದಡಿ ಒತ್ತಾಗಿ ಗುಂಪುಗೂಡಿ ಚೀರಿದರೆ ಚಳಿಯೆಂದೂ, ದೂರ ಸರಿದು ಬಾಯ್ದೆರೆದು ಏದುಸಿರು ಬಿಟ್ಟರೆ ಸೆಕೆಯೆಂದೂ ತಿಳಿಯಬೇಕು. ಚಳಿಯಾದಾಗ ಒಂದರ ಮೇಲೊಂದು ಒತ್ತರಿಸಿ, ಅಡಿಯಲ್ಲಿದ್ದವು ಉಸಿರುಕಟ್ಟಿ ಸಾಯುವುದುಂಟು. ರಾತ್ರಿ ವಿದ್ಯುತ್ತು ನಿಂತರೆ ಬಿಸಿನೀರು ತುಂಬಿದ ಪಾತ್ರೆಯನ್ನು ಬಾಯಿ ಮುಚ್ಚಿ, ಗೋಣಿ ಸುತ್ತಿ ಮರಿಗಳ ನಡುವೆ ಇಡಬಹುದು.

ಕಾವಿನಷ್ಟೇ ಮುಖ್ಯವಾದುದು ಕೊಕ್ಕರೆ ರೋಗದ ಲಸಿಕೆ. ಅದನ್ನು ಮೊದಲ ವಾರದಲ್ಲಿಯೇ ಹಾಕಿಸಬೇಕು. ಬೇನೆ ತಗುಲಿದ ಮೇಲೆ ಅದಕ್ಕೆ ಔಷಧವಿಲ್ಲ.